ಸಗರನಾಡಿನ ಮರೆಯ ಕೋಟೆಗಳು

ಕೋಟೆಯೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣೆದುರಿಗೆ ಎತ್ತರವಾದ ಗೋಡೆ, ಕಬ್ಬಿಣದ ಮೊಳೆಗಳನ್ನು ಜಡಿದ ಹೆಬ್ಬಾಗಿಲು, ನೀರು ತುಂಬಿದ ಕಂದಕ, ಇವೇ ಬಂದು ನಿಲ್ಲುವುದು ಸಹಜವು. ಆದರೆ ಕಾಣುವ ಕೋಟೆಗಿಂತ ಕಾಣದ ಕೋಟೆಯೇ ಅನೇಕ ವೇಳೆ ಹೆಚ್ಚು ಬಲವುಳ್ಳದ್ದು. ಆಲ್ಪ್ಸ್ ಪರ್ವತಗಳ ನಡುವಣ ಸ್ವಿಟ್ಜರ್ಲೆಂಡಿನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಟ್ಟಗಳ ಒಡಲನ್ನು ಕೊರೆದು ಫಿರಂಗಿಗಳನ್ನಿಟ್ಟರು. ನೋಡುವವರಿಗೆ ಬರಿಯ ಬಂಡೆಯೆಂದೋ ದನದ ಕೊಟ್ಟಿಗೆಯೆಂದೋ ತೋರುವಂತೆ ಅವುಗಳ ಬಾಯಿಗಳನ್ನು ಬಣ್ಣ ಬಳಿದು ಮರೆಮಾಡಿದರು. ಅವರ ಈ ಜಾಣ್ಮೆಯನ್ನು ಕೇಳಿ ನಾವು ಬೆರಗಾಗುವೆವು. ಆದರೆ ಬೆಟ್ಟವನ್ನೇ ಕವಚವಾಗಿ ತೊಡುವ ಉಪಾಯವು ನಮ್ಮ ಸಗರನಾಡಿಗೆ ಹೊಸತಲ್ಲವೆಂಬುದನ್ನು ನಮ್ಮ ಮಕ್ಕಳು ಅರಿತಿರಬೇಕು.

ಕೃಷ್ಣಾ ಭೀಮಾ ನದಿಗಳ ನಡುವೆ ಹರಡಿರುವ ಈ ಸೀಮೆಯಲ್ಲಿ ಎರೆಹೊಲಗಳ ಮಧ್ಯೆ ಬೆಣಚುಕಲ್ಲಿನ ಗುಡ್ಡಗಳು ಥಟ್ಟನೆ ಎದ್ದು ನಿಂತಿವೆ. ಬಿಸಿಲು ಮಳೆಗಳಿಗೆ ಸಿಕ್ಕಿ ಬಿರಿದ ಗುಂಡುಗಳು ಒಂದರ ಮೇಲೊಂದು ಹೇರಿಟ್ಟಂತೆ ಇರುತ್ತವೆ. ಯಾದಗಿರಿಯ ಕೋಟೆಯೂ ಶಹಾಪುರದ ಕೋಟೆಯೂ ಇಂಥ ಗುಡ್ಡಗಳ ಮೇಲೆಯೇ ಇವೆ. ಸುರಪುರವಂತೂ ಗುಡ್ಡಗಳ ಮಡಿಲಲ್ಲಿ ಅಡಗಿ ಕುಳಿತ ಪಟ್ಟಣವು. ಕಟ್ಟಿದವರು ಎರಡು ಬಂಡೆಗಳ ನಡುವಣ ಸಂದನ್ನು ಮಾತ್ರ ಗೋಡೆಯಿಂದ ಮುಚ್ಚಿದರು; ಮಿಕ್ಕುದನ್ನು ಬೆಟ್ಟಕ್ಕೇ ಬಿಟ್ಟರು. ಗೋಡೆಯ ಕಲ್ಲೂ ಗುಡ್ಡದ ಕಲ್ಲೂ ಒಂದೇ ಆದಕಾರಣ, ದೂರದಿಂದ ನೋಡಿದವರಿಗೆ ದೇವರ ಸೃಷ್ಟಿ ಎಲ್ಲಿ ಮುಗಿಯಿತು, ಮನುಷ್ಯನ ಕೈಕೆಲಸ ಎಲ್ಲಿ ಮೊದಲಾಯಿತು ಎಂಬುದು ತಿಳಿಯದು.

ಈ ರಚನೆಯ ಬಲವೆಷ್ಟೆಂಬುದಕ್ಕೆ ಸುರಪುರದ ಸಮೀಪದ ವಾಗಣಗೇರಾ ಕೋಟೆಯೇ ಸಾಕ್ಷಿ. ಮೊಗಲ್ ಬಾದಶಹನಾದ ಔರಂಗಜೇಬನು 1686ರಲ್ಲಿ ವಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದನು. ಅದೇ 1687ರಲ್ಲಿ ಬೇಡ ನಾಯಕರ ರಾಜಧಾನಿಯಾದ ಸಗರವೂ ಅವನ ವಶವಾಯಿತು. ಆ ಬಳಿಕ ಪಿಡ್ಡನಾಯಕನು ವಾಗಣಗೇರಾದಲ್ಲಿ ನೆಲೆಯೂರಿ ಬಲಗೊಂಡನು. 1705ರ ಫೆಬ್ರವರಿಯಲ್ಲಿ, ಎಂಬತ್ತಾರು ವರ್ಷದ ವೃದ್ಧ ಬಾದಶಹನು ತಾನೇ ದಂಡೆತ್ತಿ ಬಂದು ಈ ಚಿಕ್ಕ ಕೋಟೆಯನ್ನು ಮುತ್ತಿದನು. ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು.

ಕೋಟೆಯ ಪೇಟೆಯನ್ನು ಎತ್ತರದಿಂದ ನೋಡುವ ಲಾಲ್ ಟೇಕಡಿಯೆಂಬ ಗುಡ್ಡವನ್ನು ಮೊಗಲರು ಮೊದಲೇ ಹಿಡಿದರೂ ಅಲ್ಲಿ ಕಾಲೂರಲಾರದೆ ಹೋದರು. ಬೇಡರ ಬಂದೂಕದ ಗುಂಡುಗಳ ಜೊತೆಗೆ ಬೆಟ್ಟದ ಗುಂಡುಗಳೂ ಅವರ ಮೇಲೆ ಉರುಳಿಬಂದವು. ತಮ್ಮ ಕುಟುಂಬಗಳು ಇಲ್ಲಿ ಆಶ್ರಯ ಪಡೆದಿದ್ದುದರಿಂದ ಮರಾಠರ ದಂಡೂ ನೆರವಿಗೆ ಬಂದಿತು. ಕೊನೆಗೆ ಜುಲ್ಫಿಕಾರಖಾನನು ಬಂದು, ಕೋಟೆಯವರು ನೀರು ಸೇದುತ್ತಿದ್ದ ಬಾವಿಗಳನ್ನು ಹಿಡಿದ ಮೇಲೆಯೇ ಸ್ಥಿತಿ ಬದಲಾಯಿತು. ಏಪ್ರಿಲ್ 27ರಂದು ಪೇಟೆಯು ಮೊಗಲರ ಕೈಸೇರಿತು. ಆ ರಾತ್ರಿ ಬೇಡರು ಮನೆಗಳಿಗೆ ಬೆಂಕಿಯಿಟ್ಟು, ಕತ್ತಲೆಯಲ್ಲಿ ಗುಡ್ಡದ ಹಾದಿಗಳಿಂದ ಹೊರಬಿದ್ದರು. ಬಾದಶಹನಿಗೆ ದೊರೆತದ್ದು ಬರಿದಾದ ಕೋಟೆ. ಅವನು ಅದಕ್ಕೆ ಬೇರೆ ಹೆಸರಿಟ್ಟನು. ಆದರೆ ಜನರ ಬಾಯಲ್ಲಿ ಉಳಿದದ್ದು ಹಳೆಯ ಹೆಸರೇ. ಸಮೀಪದ ದೇವಾಪುರದಲ್ಲಿ ಅವನು ಕಾಯಿಲೆಯಿಂದ ಮಲಗಿ, ಅಕ್ಟೋಬರಿನಲ್ಲಿ ಹೊರಟುಹೋದನು. 1707ರಲ್ಲಿ ಅಹಮ್ಮದನಗರದಲ್ಲಿ ತೀರಿಕೊಂಡನು. ನಾಯಕರಾದರೋ ಅಳಿಯಲಿಲ್ಲ, ಸುರಪುರವನ್ನು ರಾಜಧಾನಿಯಾಗಿ ಮಾಡಿಕೊಂಡು ಇನ್ನೂ ನೂರೈವತ್ತು ವರ್ಷಗಳಷ್ಟು ಕಾಲ ಆಳಿದರು.

ಇದರಿಂದ ನಾವು ಕಲಿಯತಕ್ಕದ್ದೇನು? ಕಲ್ಲು ಕೋಟೆಯ ಮೈಯಾದರೆ ನೀರೇ ಅದರ ಪ್ರಾಣ. ಆದುದರಿಂದ ಗುಡ್ಡವನ್ನೇರುವಾಗ ಮೊದಲು ನೀರಿನ ಜಾಡನ್ನು ಹಿಡಿಯಬೇಕು. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ದೊಣೆಯ ಹತ್ತಿರ ಕಾವಲಿನ ಗುರುತು ಇದ್ದೀತು. ಬಳಿಕ ಬಂಡೆಯ ಅಂಚಿನಲ್ಲಿ ಸಾಲಾಗಿ ಕೊರೆದ ಗೂಟದ ಕುಳಿಗಳಿವೆಯೋ ನೋಡಬೇಕು. ಕಲ್ಲುಕುಟಿಗನು ಬಂಡೆಯನ್ನು ಸೀಳಿದ ಗುರುತು ಅದು. ಕಾಲಿಡುವಷ್ಟೇ ಅಗಲವಾಗಿ ಕಡಿದ ಮೆಟ್ಟಿಲು, ತಲೆ ಬಗ್ಗಿಸಿ ನುಸುಳುವ ದಿಡ್ಡಿಬಾಗಿಲು, ಸಂದಿಗೆ ಸರಿಯಾಗಿ ಕೂಡಿಸಿದ ಕಲ್ಲಿನ ಸಾಲು, ಇವೆಲ್ಲ ಆ ಮರೆಯ ಗ್ರಂಥದ ಅಕ್ಷರಗಳು. ಬಯಲಿನ ಹಳ್ಳಿಗಳಲ್ಲಿ ನಿಂತಿರುವ ಹುಡೇವುಗಳೂ ಇದೇ ಗ್ರಂಥದ ಪುಟಗಳೇ.

ಆದರೆ ಮರೆಯಲ್ಲಿರುವುದಕ್ಕೆ ಒಂದು ಅಪಾಯವೂ ಉಂಟು. ಹಗೆಯ ಕಣ್ಣು ತಪ್ಪಿಸಿಕೊಂಡ ಗೋಡೆಯು ನಮ್ಮ ಕಣ್ಣನ್ನೂ ತಪ್ಪಿಸಿಕೊಂಡರೆ, ಅದು ಕೋಟೆಯೆಂದೇ ತಿಳಿಯದೆ ಒಬ್ಬನು ಹಟ್ಟಿಗೆ ಕಲ್ಲು ಹೊತ್ತೊಯ್ಯುವನು, ಇನ್ನೊಬ್ಬನು ನಿಧಿಯಾಸೆಯಿಂದ ಬುಡವನ್ನು ಅಗೆಯುವನು, ಮತ್ತೊಬ್ಬನು ಗುಡ್ಡವನ್ನೇ ಒಡೆದು ಜಲ್ಲಿ ಮಾಡುವನು. ಬಾದಶಹನ ಫಿರಂಗಿಗಳು ಕೆಡವಲಾರದೆ ಹೋದುದನ್ನು ನಮ್ಮ ಅಜ್ಞಾನವು ಸದ್ದಿಲ್ಲದೆ ಕೆಡವಬಲ್ಲದು. ಸ್ವಿಟ್ಜರ್ಲೆಂಡಿನವರು ತಮ್ಮ ಹಳೆಯ ಗುಪ್ತ ಕೋಟೆಗಳಲ್ಲಿ ಕೆಲವನ್ನು ವಸ್ತುಸಂಗ್ರಹಾಲಯಗಳನ್ನಾಗಿ ಮಾಡಿ ಮಕ್ಕಳಿಗೆ ತೋರಿಸುತ್ತಿರುವರು. ನಮಗಾದರೋ ಬಾಗಿಲು ತೆರೆಯುವ ಕೆಲಸವೂ ಇಲ್ಲ. ಗುಡ್ಡವು ಊರ ಅಂಚಿನಲ್ಲಿಯೇ ಇದೆ.

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ನಮ್ಮ ಬಿನ್ನಹವಿಷ್ಟೇ: ರಜೆಯ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹತ್ತಿರದ ಗುಡ್ಡಕ್ಕೆ ಹೋಗಿರಿ. ದೊಣೆಯನ್ನು ತೋರಿಸಿರಿ, ಕುಳಿಗಳನ್ನು ಎಣಿಸಿರಿ, ಊರಿನ ಹಿರಿಯರನ್ನು ಕೇಳಿ ಪ್ರತಿಯೊಂದು ಬಂಡೆಯ ಹೆಸರನ್ನು ಬರೆದಿಟ್ಟುಕೊಳ್ಳಿರಿ. ಹೆಸರು ತಿಳಿದ ಕಲ್ಲನ್ನು ಒಡೆಯಲು ಯಾರ ಕೈಯೂ ಸುಲಭವಾಗಿ ಏಳದು.