ಹಾಲು ಒಗ್ಗದವರ ಐಸ್‌ಕ್ರೀಮು

ಮದುವೆಯ ಔತಣವಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ಕನ್ನಡ ಸಂಘದ ವಾರ್ಷಿಕೋತ್ಸವದ ಭೋಜನವಿರಲಿ, ಕೊನೆಗೆ ಐಸ್‌ಕ್ರೀಮಿನ ಬಟ್ಟಲು ಬಾರದೆ ಊಟ ಮುಗಿಯಿತೆಂದು ಯಾರಿಗೂ ಅನಿಸದ ಕಾಲವಿದು. ಆದರೆ ಪಂಕ್ತಿಯಲ್ಲಿ ಒಬ್ಬಿಬ್ಬರಾದರೂ ಆ ಬಟ್ಟಲನ್ನು ಸದ್ದಿಲ್ಲದೆ ಪಕ್ಕದವರತ್ತ ಸರಿಸುವುದನ್ನು ಕಾಣಬಹುದು. ಕಾರಣ ಕೇಳಿದರೆ “ಗಂಟಲು ಸರಿಯಿಲ್ಲ” ಎಂಬ ಸೌಜನ್ಯದ ಉತ್ತರ ದೊರೆಯುತ್ತದೆ. ನಿಜವಾದ ಕಾರಣ ಎಷ್ಟೋ ಸಲ ಗಂಟಲಿನದಲ್ಲ, ಹೊಟ್ಟೆಯದು. ಹಾಲು ಅವರಿಗೆ ಒಗ್ಗದು. ಹಾಲನ್ನು ಅಮೃತಸಮಾನವೆಂದು ಎಣಿಸುವ ಮನೆಗಳಲ್ಲಿ ಹಾಗೆಂದು ಹೇಳಿಕೊಳ್ಳಲು ಹಿರಿಯರಿಗೆ ಸಂಕೋಚ; ಮಕ್ಕಳು ಹೇಳಿದರೆ ಅದನ್ನು ಹಟವೆಂದು ತಳ್ಳಿಹಾಕುವುದೇ ವಾಡಿಕೆ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯುಂಟು. ಹಸುವಿನ ಹಾಲಿನ ಪ್ರತಿ 100 ಮಿಲಿಲೀಟರಿಗೆ ಇದರ ಪ್ರಮಾಣ ಸುಮಾರು 5 ಗ್ರಾಂ. ಇದನ್ನು ಒಡೆದು ಜೀರ್ಣಿಸಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಉತ್ಪತ್ತಿಯಾಗುತ್ತದೆ. ಮೊಲೆಹಾಲು ಕುಡಿಯುವ ಶಿಶುವಿನಲ್ಲಿ ಧಾರಾಳವಾಗಿರುವ ಈ ಕಿಣ್ವ ಅನೇಕರಲ್ಲಿ ಬಾಲ್ಯ ಕಳೆದಂತೆ ಕ್ಷೀಣಿಸುತ್ತದೆ. ಆಗ ಜೀರ್ಣವಾಗದ ಹಾಲುಸಕ್ಕರೆ ದೊಡ್ಡ ಕರುಳಿಗಿಳಿದು, ಅಲ್ಲಿಯ ಸೂಕ್ಷ್ಮಜೀವಿಗಳಿಂದ ಹುದುಗಿ, ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಭೇದಿ ಮುಂತಾದ ಉಪದ್ರವಗಳನ್ನು ಉಂಟುಮಾಡುತ್ತದೆ. 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷೆಗೊಳಗಾದ ದಕ್ಷಿಣ ಭಾರತೀಯರ ಪೈಕಿ ಸುಮಾರು ಮೂರನೆಯ ಎರಡು ಪಾಲು ಜನರಲ್ಲಿ ಈ ಕೊರತೆ ಕಂಡುಬಂದಿತು; ಉತ್ತರ ಭಾರತೀಯರಲ್ಲಿ ಅದು ನಾಲ್ಕನೆಯ ಒಂದು ಪಾಲಿಗಿಂತ ತುಸು ಹೆಚ್ಚು. ದಿಲ್ಲಿಯಲ್ಲಿ ನೆಲೆಸಿದ ಕನ್ನಡಿಗನು ನೆರೆಮನೆಯ ಪಂಜಾಬಿಯಂತೆ ದೊಡ್ಡ ಲೋಟದ ತುಂಬ ಹಾಲು ಕುಡಿದು ಅರಗಿಸಿಕೊಳ್ಳಲಾರದಿದ್ದರೆ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ನಮ್ಮವರ ಊಟ ಹಾಲಿಗಿಂತ ಮಜ್ಜಿಗೆಯಲ್ಲಿ ಮುಗಿಯುವುದೂ ಅರ್ಥಪೂರ್ಣವೇ. ಹೆಪ್ಪುಗಟ್ಟುವಾಗ ಹಾಲುಸಕ್ಕರೆಯ ಒಂದಂಶ ಕಳೆಯುವುದರಿಂದ ಮೊಸರು-ಮಜ್ಜಿಗೆಗಳು ಇಂಥವರಲ್ಲಿ ಅನೇಕರಿಗೆ ಒಗ್ಗುತ್ತವೆ.

ಇದಕ್ಕಿಂತ ಬೇರೆಯಾದ, ಹೆಚ್ಚು ಗಂಭೀರವಾದ ಸ್ಥಿತಿ ಇನ್ನೊಂದುಂಟು. ಅದು ಹಾಲಿನ ಅಲರ್ಜಿ. ಇಲ್ಲಿ ತೊಂದರೆ ಸಕ್ಕರೆಯಿಂದಲ್ಲ, ಕೇಸೀನ್ ಮೊದಲಾದ ಹಾಲಿನ ಪ್ರೋಟೀನುಗಳಿಂದ. ಇದು ವಿಶೇಷವಾಗಿ ಚಿಕ್ಕ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಕಿಣ್ವದ ಕೊರತೆಯವರು ಎರಡು ಚಮಚ ಹಾಲನ್ನು ಸಹಿಸಿಕೊಂಡಾರು; ಅಲರ್ಜಿಯುಳ್ಳ ಮಗುವಿಗೆ ಚಮಚಕ್ಕೆ ಅಂಟಿದ ಹಾಲೂ ಮೈಮೇಲೆ ದದ್ದು, ತುಟಿಯ ಊತ, ವಾಂತಿ ತಂದೀತು, ಒಮ್ಮೊಮ್ಮೆ ಉಸಿರಿಗೇ ಸಂಚಕಾರ ಒದಗೀತು. ಅಂಥ ಮಗುವಿಗೆ ಮೊಸರೂ ಸಲ್ಲದು, ಮೇಕೆಯ ಹಾಲೂ ಸಲ್ಲದು, ಲ್ಯಾಕ್ಟೋಸ್ ತೆಗೆದ ಹಾಲೂ ಸಲ್ಲದು. ಎರಡರಲ್ಲಿ ಯಾವುದೆಂಬುದನ್ನು ವೈದ್ಯರೇ ನಿರ್ಣಯಿಸಬೇಕೇ ಹೊರತು ಅಜ್ಜಿಯೂ ಅಲ್ಲ, ನೆರೆಯವರೂ ಅಲ್ಲ.

ಪೊಟ್ಟಣದ ಮೇಲಿನ ಸಣ್ಣ ಅಕ್ಷರ

ಅಂಗಡಿಯ ಶೀತಪೆಟ್ಟಿಗೆಯಲ್ಲಿ ‘ಐಸ್‌ಕ್ರೀಮ್’ ಎಂಬ ಹೆಸರಿನ ಪಕ್ಕದಲ್ಲೇ ‘ಫ್ರೋಜನ್ ಡೆಸರ್ಟ್’ ಎಂಬ ಹೆಸರಿನ ಸರಕೂ ಇರುತ್ತದೆ. ಇದರಲ್ಲಿ ಹಾಲಿನ ಕೊಬ್ಬಿಗೆ ಬದಲಾಗಿ ಸಸ್ಯಜನ್ಯ ಎಣ್ಣೆಯನ್ನು ಬಳಸಿರುತ್ತಾರೆ. ಇದನ್ನರಿತ ಕೆಲವರು, ಹಾಲು ಒಗ್ಗದವರಿಗೆ ಇದೇ ಸರಿಯೆಂದು ಒಳ್ಳೆಯ ಮನಸ್ಸಿನಿಂದಲೇ ಕೊಂಡುತರುತ್ತಾರೆ. ತಪ್ಪು ನಡೆಯುವುದು ಇಲ್ಲೇ. ಬದಲಾದದ್ದು ಕೊಬ್ಬು ಮಾತ್ರ. ಹಾಲಿನ ಪುಡಿ ಸಾಮಾನ್ಯವಾಗಿ ಅದರಲ್ಲಿ ಇದ್ದೇ ಇರುತ್ತದೆ. ಹಾಲುಸಕ್ಕರೆ, ಕೇಸೀನ್ ಎರಡೂ ಆ ಪುಡಿಯಲ್ಲೇ ಅಡಗಿವೆ. ಹಸಿರು ಚುಕ್ಕೆಯನ್ನು ನಂಬುವುದೂ ಸಲ್ಲದು. ಅದು ಸಸ್ಯಾಹಾರದ ಗುರುತೇ ಹೊರತು ಹಾಲಿಲ್ಲವೆಂಬುದರ ಗುರುತಲ್ಲ. ಹಾಲೂ ಸೇರಿದಂತೆ ಯಾವ ಪ್ರಾಣಿಜನ್ಯ ಪದಾರ್ಥವೂ ಇಲ್ಲದ ‘ವೀಗನ್’ ಆಹಾರಕ್ಕೆ ಬೇರೊಂದು ಮುದ್ರೆಯನ್ನು ನಿಗದಿಪಡಿಸಿ 2022ರಲ್ಲಿ ನಿಯಮಗಳು ಬಂದಿವೆ. ಸಾಲಪತ್ರಕ್ಕೆ ರುಜು ಹಾಕುವ ಮುನ್ನ ಸಣ್ಣ ಅಕ್ಷರಗಳನ್ನು ಓದದೆ ಆಮೇಲೆ ಪರಿತಪಿಸುವವರು ಎಷ್ಟೋ ಮಂದಿ. ತಿನ್ನುವ ಪದಾರ್ಥದ ವಿಷಯದಲ್ಲೂ ಹಾಗಾಗಬಾರದು.

ಮುಂಬಯಿಯವರಿಗೆ ಎಳನೀರಿನ ಐಸ್‌ಕ್ರೀಮು ಚಿರಪರಿಚಿತ. ಮುಲ್ಕಿಯ ಕಡೆಯಿಂದ ಬಂದ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ತೆರೆದ ಅಂಗಡಿಯಿಂದ ಅದು ಮನೆಮಾತಾಯಿತು. ಕನ್ನಡ ನಾಡಿನ ಕರಾವಳಿಯ ತರುಣನೊಬ್ಬನ ಈ ಸಾಧನೆ ಹೆಮ್ಮೆಯ ವಿಷಯವೇ. ಆದರೆ ಹೆಸರಿನಲ್ಲಿ ಎಳನೀರಿದೆಯೆಂದು ಹಾಲಿಲ್ಲವೆಂದು ಭಾವಿಸಬಾರದು. ಅದರ ತಳಹದಿ ಹಾಲೇ.

ಹಾಗಾದರೆ ಉಳಿಯುವ ನಂಬಿಗಸ್ತ ಮಾರ್ಗ ಮನೆಯ ಅಡುಗೆಮನೆಯದು. ಅದಕ್ಕೆ ಬೇಕಾದ ಮುಖ್ಯ ಪದಾರ್ಥ ನಮ್ಮವರಿಗೆ ಹೊಸದೂ ಅಲ್ಲ. ಕಾಯಿಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಶಾವಿಗೆಯೊಡನೆಯೋ ಹೋಳಿಗೆಯೊಡನೆಯೋ ಉಣ್ಣುವ ರೂಢಿ ಎಷ್ಟೋ ಮನೆಗಳಲ್ಲಿ ಇಂದಿಗೂ ಉಂಟು. ಆ ಕಾಯಿಹಾಲನ್ನೇ ಹೆಪ್ಪುಗಟ್ಟಿಸುವುದಷ್ಟೇ ಇಲ್ಲಿಯ ಕೆಲಸ.

ಹೆಪ್ಪುಗಟ್ಟುವಿಕೆಯ ಗುಟ್ಟು

ನೀರು ಹೆಪ್ಪುಗಟ್ಟಿದರೆ ಕಲ್ಲಾಗುತ್ತದೆ, ಐಸ್‌ಕ್ರೀಮು ಮಾತ್ರ ಚಮಚಕ್ಕೆ ಏಕೆ ಬಗ್ಗುತ್ತದೆ? ಮೂರು ಸಂಗತಿಗಳು ಇದಕ್ಕೆ ಕಾರಣ. ಸಕ್ಕರೆ ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗದೆ ಇನ್ನೂ ತಣ್ಣಗಾಗುವವರೆಗೆ ಕಾಯುತ್ತದೆ. ಮನೆಯ ಫ್ರೀಜರಿನ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲೂ ಒಂದಂಶ ಪಾಕವಾಗಿಯೇ ಉಳಿಯುತ್ತದೆ. ಕೊಬ್ಬಿನ ಕಣಗಳು ಮಂಜಿನ ಹರಳುಗಳ ನಡುವೆ ಸೇರಿ ನುಣುಪು ಕೊಡುತ್ತವೆ. ಹೆಪ್ಪುಗಟ್ಟುವಾಗ ಕಡೆಯುತ್ತಿದ್ದರೆ ಹರಳುಗಳು ದೊಡ್ಡದಾಗದೆ ಪುಡಿಯಾಗಿ, ಗಾಳಿಯೂ ಒಳಸೇರುತ್ತದೆ. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಹಕ್ಕುಪತ್ರ ಪಡೆದ ಕೈತಿರುಗಣೆಯ ಯಂತ್ರವಾಗಲಿ, ಮುಂಬಯಿಯಲ್ಲಿ ‘ಸಂಚಾ’ ಎನ್ನುವ ಮರದ ಪೀಪಾಯಿಯಾಗಲಿ ಮಾಡುವುದು ಇದನ್ನೇ. ಈ ಮೂರರಲ್ಲಿ ಯಾವುದಕ್ಕೂ ಹಾಲೇ ಬೇಕೆಂಬ ನಿರ್ಬಂಧವಿಲ್ಲ.

ತೆಂಗಿನ ಕೊಬ್ಬಿಗೆ ಮಾತ್ರ ಒಂದು ವಿಶೇಷ ಗುಣವುಂಟು. ಪುಣೆ, ದಿಲ್ಲಿಗಳ ಚಳಿಗಾಲದಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. 24 ಡಿಗ್ರಿಯ ಆಸುಪಾಸಿನಲ್ಲೇ ಅದು ಹೆಪ್ಪುಗಟ್ಟತೊಡಗುತ್ತದೆ. ಆದುದರಿಂದ ಬರಿಯ ಗಟ್ಟಿ ಹಾಲನ್ನೇ ಬಳಸಿದರೆ ನಾಲಗೆಗೆ ಮೇಣ ಹತ್ತಿದಂತಾಗುತ್ತದೆ. ಗಟ್ಟಿ ಹಾಲಿಗೆ ಎರಡನೆಯ ಹಿಂಡಿನ ತೆಳು ಹಾಲನ್ನು ಬೆರೆಸುವುದೇ ಇದಕ್ಕೆ ಪರಿಹಾರ.

ತಯಾರಿಕೆಯ ಕ್ರಮ

ಚೆನ್ನಾಗಿ ಬಲಿತ ಎರಡು ತೆಂಗಿನಕಾಯಿಗಳನ್ನು ಆರಿಸಿಕೊಳ್ಳಬೇಕು. ಮಾಟುಂಗದಂಥ ಪೇಟೆಯ ಸಮೀಪದಲ್ಲಿರುವವರಿಗೆ ಇದು ಕಷ್ಟವಲ್ಲ. ಇತರ ಕಡೆ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೀರಿನ ಸದ್ದು ಕೇಳಿಯೇ ಕೊಳ್ಳುವುದು ಕ್ಷೇಮ. ತುರಿಯುವಾಗ ಕಪ್ಪು ಸಿಪ್ಪೆ ಬಾರದಂತೆ ನೋಡಿಕೊಳ್ಳಬೇಕು. ತುರಿಗೆ 300 ಮಿಲಿಲೀಟರ್ ಬೆಚ್ಚನೆಯ ನೀರು ಸೇರಿಸಿ ಮಿಕ್ಸರಿನಲ್ಲಿ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿದರೆ ಮೊದಲ ಹಾಲು ದೊರೆಯುತ್ತದೆ. ಚರಟಕ್ಕೆ ಇನ್ನೊಂದು ಲೋಟ ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದರೆ ಎರಡನೆಯದು. ಮೊದಲನೆಯದು 300, ಎರಡನೆಯದು 150 ಮಿಲಿಲೀಟರ್ ಇರಲಿ.

ಬೆಲ್ಲ 110 ಗ್ರಾಂ. ಇದನ್ನು ಎರಡನೆಯ ಹಾಲಿನಲ್ಲಿ ಕರಗಿಸಿ, ಸೋಸಿ, ಒಲೆಯ ಮೇಲಿಡಬೇಕು. ಬಿಸಿ ಹಸುವಿನ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯವುಂಟು. ಒಡೆಯಲು ಕೇಸೀನೇ ಇಲ್ಲದ ಕಾಯಿಹಾಲಿಗೆ ಆ ಭಯವಿಲ್ಲ. ಒಂದೂವರೆ ದೊಡ್ಡ ಚಮಚ ಕೂವೆಹಿಟ್ಟನ್ನು, ಅದು ಸಿಗದಿದ್ದರೆ ಮೆಕ್ಕೆಜೋಳದ ಪಿಷ್ಟವಾದ ಕಾರ್ನ್‌ಫ್ಲೋರನ್ನು, ತಣ್ಣೀರಿನಲ್ಲಿ ಕದಡಿ ಇದಕ್ಕೆ ಸೇರಿಸಿ ಕೈಬಿಡದೆ ತಿರುವಬೇಕು. ಗಂಜಿಯಂತೆ ಮಂದವಾದೊಡನೆ ಮೊದಲ ಹಾಲು, ಚಿಟಿಕೆ ಉಪ್ಪು, ಏಲಕ್ಕಿಪುಡಿ ಸೇರಿಸಿ, ಹಬೆಯಾಡುತ್ತಲೇ ಇಳಿಸಬೇಕು. ಕೊತಕೊತನೆ ಕುದಿಸಿದರೆ ಎಣ್ಣೆ ಬೇರ್ಪಡುತ್ತದೆ. ಪೂರ್ತಿ ಆರಿದ ಮೇಲೆ ಒಂದು ಬಟ್ಟಲು, ಎಂದರೆ 200 ಗ್ರಾಂ, ಮಾವಿನ ಹಣ್ಣಿನ ತಿರುಳನ್ನು ಬೆರೆಸಬೇಕು. ಋತುವಿಗೆ ತಕ್ಕಂತೆ ಹಲಸಿನ ತೊಳೆಯೂ ಆದೀತು. ಈ ಹಂತದಲ್ಲಿ ರುಚಿ ನೋಡಿದಾಗ ಸಿಹಿ ತುಸು ಅತಿಯೆನಿಸಬೇಕು. ತಂಪಿನಲ್ಲಿ ನಾಲಗೆಗೆ ಸಿಹಿ ಕಡಿಮೆ ತೋರುತ್ತದೆ.

ಈ ಮಿಶ್ರಣವನ್ನು ನೇರವಾಗಿ ಫ್ರೀಜರಿಗೆ ಸೇರಿಸುವ ಆತುರವೇ ಹೆಚ್ಚಿನವರ ಸೋಲಿಗೆ ಕಾರಣ. ಮೊದಲು ನಾಲ್ಕು ತಾಸು ರೆಫ್ರಿಜರೇಟರಿನ ಕೆಳಭಾಗದಲ್ಲಿಟ್ಟು ಚೆನ್ನಾಗಿ ತಣಿಸಬೇಕು. ಅನಂತರ ಅಗಲವಾದ, ಆಳವಿಲ್ಲದ ಸ್ಟೀಲಿನ ಪಾತ್ರೆಗೆ ಸುರಿದು ಮುಚ್ಚಿ ಫ್ರೀಜರಿನಲ್ಲಿಡಬೇಕು. ಒಂದೂವರೆ ತಾಸಿನಲ್ಲಿ ಅಂಚುಗಳು ಗಟ್ಟಿಯಾಗಿರುತ್ತವೆ. ಆಗ ಹೊರತೆಗೆದು ಮಜ್ಜಿಗೆಯ ಕಡೆಗೋಲಿನಿಂದ ಬಿರುಸಾಗಿ ಕಡೆಯಬೇಕು. ಅಲರ್ಜಿಯವರಿಗಾಗಿ ಮಾಡುವಾಗ ಮಾತ್ರ ಮಜ್ಜಿಗೆ ಕಂಡ ಕಡೆಗೋಲು ಬೇಡ, ಬೇರೆಯದೇ ಇರಲಿ. ಮುಕ್ಕಾಲು ತಾಸಿಗೊಮ್ಮೆಯಂತೆ ಇನ್ನೆರಡು ಸಲ ಕಡೆದು, ಕಡೆಗೆ ರಾತ್ರಿಯಿಡೀ ಬಿಟ್ಟರೆ ಸಿದ್ಧವಾದಂತೆ. ಬಡಿಸುವ ಹದಿನೈದು ನಿಮಿಷ ಮುಂಚೆ ಹೊರಗಿಡಬೇಕು. ಚೆನ್ನೈನ ಮೇ ತಿಂಗಳಾದರೆ ಐದು ನಿಮಿಷ ಸಾಕು.

ಫ್ರೀಜರಿಲ್ಲದವರು ಬಕೆಟಿನಲ್ಲಿ ಮೂರು ಪಾಲು ಪುಡಿಮಂಜುಗಡ್ಡೆ, ಒಂದು ಪಾಲು ಕಲ್ಲುಪ್ಪು ತುಂಬಿ, ನಡುವೆ ಮುಚ್ಚಳದ ಡಬ್ಬಿಯನ್ನಿಟ್ಟು ತಿರುಗಿಸಬಹುದು. ಉಪ್ಪು ಬೆರೆತ ಮಂಜು ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಮಕ್ಕಳಿಗೆ ಇದು ಒಳ್ಳೆಯ ವಿಜ್ಞಾನಪಾಠವೂ ಹೌದು.

ಫಲ ಕಲ್ಲಿನಂತಾದರೆ ಬೆಲ್ಲ ಕಡಿಮೆಯಾಯಿತೆಂದು, ಗಟ್ಟಿಯಾಗಲೇ ಇಲ್ಲದಿದ್ದರೆ ಹೆಚ್ಚಾಯಿತೆಂದು, ಮರಳುಮರಳಾದರೆ ಕಡೆಯುವುದರಲ್ಲಿ ಸೋಮಾರಿತನವಾಯಿತೆಂದು ತಿಳಿಯಬೇಕು. ವಿದ್ಯುತ್ತು ಹೋಗಿ ಪೂರ್ತಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಕಾಯಿಹಾಲು ಬೇಗ ಕೆಡುವ ವಸ್ತು.

ಇಷ್ಟೂ ಶ್ರಮಕ್ಕೆ ವೇಳೆಯಿಲ್ಲದ ನೌಕರಸ್ಥ ದಂಪತಿಗಳು ಚೆನ್ನಾಗಿ ಕಳಿತ ನಾಲ್ಕು ಬಾಳೆಹಣ್ಣುಗಳನ್ನು ಬಿಲ್ಲೆಗಳಾಗಿ ಹೆಚ್ಚಿ ರಾತ್ರಿ ಫ್ರೀಜರಿನಲ್ಲಿಟ್ಟು, ಮರುದಿನ ಮಿಕ್ಸರಿನಲ್ಲಿ ರುಬ್ಬಿದರೆ ಸಾಕು. ಸಕ್ಕರೆಯ ಅಗತ್ಯವೇ ಇಲ್ಲದೆ ಬೆಣ್ಣೆಯಂಥ ತಿನಿಸು ಸಿದ್ಧ.

ತೆಂಗಿನ ಹಾಲಿನ ಪುಡಿ ತಂದು ಕೆಲಸ ಸುಲಭಗೊಳಿಸಲು ಹೊರಡುವವರು ಒಂದು ಮಾತನ್ನು ಲಕ್ಷಿಸಬೇಕು. ಪುಡಿ ಗಂಟುಕಟ್ಟದಿರಲೆಂದು ಕೆಲವು ತಯಾರಕರು ಸೋಡಿಯಂ ಕೇಸೀನೇಟ್ ಸೇರಿಸುತ್ತಾರೆ. ಹೆಸರು ರಾಸಾಯನಿಕದಂತೆ ಕೇಳಿಸಿದರೂ ಅದು ಹಾಲಿನ ಪ್ರೋಟೀನೇ. ತೆಂಗಿನ ಚಿತ್ರ ನೋಡಿ ಕೊಂಡದ್ದರಲ್ಲಿ ಹೀಗೆ ಹಾಲು ಹಿಂಬಾಗಿಲಿನಿಂದ ಬರುತ್ತದೆ.

ಆರೋಗ್ಯದ ಲೆಕ್ಕದಲ್ಲಿ ಜಮೆಯ ಜೊತೆಗೆ ಖರ್ಚನ್ನೂ ಬರೆಯಬೇಕಾಗುತ್ತದೆ. ಬೆಲ್ಲವೂ ಸಕ್ಕರೆಯೇ; ಮಧುಮೇಹಿಗಳು ಇದನ್ನು ಔಷಧವೆಂದು ಭ್ರಮಿಸಬಾರದು. ತೆಂಗಿನ ಕೊಬ್ಬು ಬಹುಪಾಲು ಸಂತೃಪ್ತ ಕೊಬ್ಬಾದುದರಿಂದ ಹೃದ್ರೋಗಿಗಳಿಗೆ ಅರ್ಧ ಬಟ್ಟಲೇ ಮಿತಿ. ಕಾಯಿಹಾಲಿನಲ್ಲಿ ಪ್ರೋಟೀನೂ ಸುಣ್ಣದ ಅಂಶವೂ ತೀರ ಕಡಿಮೆ. ಆದಕಾರಣ ಶಿಶುವಿಗೆ ಇದು ಹಾಲಿನ ಬದಲಿ ಎಂದಿಗೂ ಅಲ್ಲ. ಹಾಲು ಬಿಟ್ಟವರಿಗೆ ಸುಣ್ಣದ ಕೊರತೆ ತುಂಬಲು ರಾಗಿಯಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ನಗರಕ್ಕೆ ಬಂದ ಮೇಲೆ ಮುದ್ದೆಯನ್ನು ಕೈಬಿಟ್ಟ ಕುಟುಂಬಗಳು ಈ ಅಂಕಿಗಳನ್ನು ಗಮನಿಸಬಹುದು.

ಸಂಘದ ಸಮಾರಂಭಕ್ಕೆ ಇಂಥ ಐಸ್‌ಕ್ರೀಮು ಮಾಡಿ ತರುವ ಗೃಹಿಣಿಯರು ಪಾತ್ರೆಯ ಮೇಲೆ ಒಳಗಿನ ಪದಾರ್ಥಗಳ ಹೆಸರನ್ನು ಬರೆದ ಚೀಟಿ ಅಂಟಿಸಬೇಕು. ಗೋಡಂಬಿ ಹಾಕಿದ್ದರೆ ಅದನ್ನೂ ಬರೆಯಬೇಕು, ಅದೂ ಕೆಲವರಿಗೆ ಒಗ್ಗದು. ಬಡಿಸುವ ಸೌಟು ಪ್ರತ್ಯೇಕವಾಗಿರಬೇಕು. ಹಾಲಿನ ಐಸ್‌ಕ್ರೀಮಿನಲ್ಲಿ ಅದ್ದಿದ ಸೌಟನ್ನೇ ಇದಕ್ಕೂ ಅದ್ದಿದರೆ ಹಿಂದಿನ ರಾತ್ರಿಯ ಶ್ರಮವೆಲ್ಲ ವ್ಯರ್ಥ. ಆದುದರಿಂದ ಆ ಪಾತ್ರೆಯನ್ನು ಬೇರೆ ಮೇಜಿನ ಮೇಲಿಟ್ಟು, ಅಲರ್ಜಿಯುಳ್ಳ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಬಡಿಸುವುದು ಲೇಸು.