ಹಗಲಿನ ಪ್ರಮಾಣವೂ ಪೈರಿನ ತೆನೆಯೂ

ದೀರ್ಘಾವಧಿಯ ನಾಡಬತ್ತವನ್ನು ಜೂನಿನಲ್ಲಿ ಬಿತ್ತಿದರೂ ಜುಲೈ ಕಡೆಗೆ ಬಿತ್ತಿದರೂ ತೆನೆಯು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊರಡುವುದು. ಇದನ್ನು ಮನೆಯಲ್ಲಿ ವಿಚಾರಿಸಿ ಬರುವಂತೆ ನಾವು ಬಾಲಕಿಯರಿಗೆ ಹೇಳುವುದುಂಟು. ಪಠ್ಯಪುಸ್ತಕಕ್ಕಿಂತ ಅಜ್ಜಿಯರೇ ಇದನ್ನು ಚೆನ್ನಾಗಿ ಬಲ್ಲರು.

ಸಸ್ಯಗಳು ಹಗಲಿನ ಉದ್ದವನ್ನು ಅರಿತು ಹೂಬಿಡುವುವೆಂದು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಗಿಡದಿಂದ ತೋರಿಸಿಕೊಟ್ಟರು. ನಿಜವಾಗಿ ಗಿಡವು ಅಳೆಯುವುದು ಇರುಳನ್ನೇ. ಆದುದರಿಂದಲೇ ಬೀದಿದೀಪದ ಬೆಳಕು ಬೀಳುವ ಗದ್ದೆಯಂಚಿನಲ್ಲಿ ಇಂಥ ಬತ್ತದ ತೆನೆ ತಡವಾಗುತ್ತದೆ. ನಾಡಬತ್ತಕ್ಕೂ ಜೋಳಕ್ಕೂ ಇರುಳು ನೀಳವಾಗಬೇಕು. ಗೋಧಿಗಾದರೋ ಹಗಲು ಬೆಳೆದಷ್ಟೂ ತೆನೆ ಬೇಗ. ತಡವಾಗಿ ಬಿತ್ತಿದ ರೈತನಿಗೆ ಇದರಿಂದ ಬರುವ ನಷ್ಟ ಸಣ್ಣದಲ್ಲ: ನಾಡಬತ್ತವು ಚೆನ್ನಾಗಿ ಮೊಡೆತು ಬೆಳೆಯುವ ಮೊದಲೇ ತೆನೆಗಟ್ಟಿ, ಕಾಳು ಕಡಿಮೆಯಾಗುವುದು. 1966ರಲ್ಲಿ ಫಿಲಿಪ್ಪೈನ್ಸಿನಲ್ಲಿ ಬಿಡುಗಡೆಯಾದ ಐ.ಆರ್. 8 ಬತ್ತವು ಬಹುಮಟ್ಟಿಗೆ ಈ ಕಟ್ಟಿಗೆ ಒಳಪಡದೆ, ಬಿತ್ತಿದ ದಿನದಿಂದ ಲೆಕ್ಕ ಹಿಡಿದು ಮಾಗಿತು.

ಬೆಳಕಿನ ಪ್ರಖರತೆಯ ಮಾತು ಬೇರೆ. ತೆನೆ ಹೊರಟ ಮೇಲೆ ಬಹುದಿನ ಮೋಡ ಕವಿದರೆ ಎಲೆಗಳು ಸಾಕಷ್ಟು ಆಹಾರವನ್ನು ಸಿದ್ಧಪಡಿಸಲಾರವು, ಜೊಳ್ಳು ಹೆಚ್ಚುವುದು. ನೀರಿನ ಅನುಕೂಲವಿರುವ ಗದ್ದೆಯಲ್ಲಿ ಬೇಸಿಗೆಯ ಬತ್ತವು ಮಳೆಗಾಲದ್ದಕ್ಕಿಂತ ಹೆಚ್ಚಾಗಿ ಫಲಿಸುವುದು ಈ ಬಿಸಿಲಿನ ದೆಸೆಯಿಂದಲೇ.