ಭಜನೆಗೆ ಯಾವ ಹಾರ್ಮೋನಿಯಂ? ಸಾದಾ ಪೆಟ್ಟಿಗೆಯೋ, ಸ್ಕೇಲ್ ಚೇಂಜರೋ?

ಶ್ರಾವಣ ಹತ್ತಿರವಾಯಿತೆಂದರೆ ಆದೋನಿ ಸೀಮೆಯ ಭಜನಾ ಮಂಡಳಿಗಳಿಗೆ ಬಿಡುವಿಲ್ಲ. ಶ್ರಾವಣ ಬಹುಳ ಬಿದಿಗೆಗೆ ಮಂತ್ರಾಲಯದಲ್ಲಿ ರಾಯರ ಮಧ್ಯಾರಾಧನೆ. ಕೌತಾಳಂ ಕಡೆಯ ಉರುಕುಂದ ಈರಣ್ಣನ ಸನ್ನಿಧಿಗೆ ತಿಂಗಳಿಡೀ ಜನಜಾತ್ರೆ. ಅದು ಮುಗಿದು ಕಾರ್ತಿಕ ಶುದ್ಧ ದಶಮಿ ಬಂದರೆ ಚಿಪ್ಪಗಿರಿಯಲ್ಲಿ ವಿಜಯದಾಸರ ಆರಾಧನೆ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಆಡಳಿತದ ಗೆರೆ ಬದಲಾದರೂ ದಾಸರ ಪದ ಇಲ್ಲಿನ ಮನೆಗಳನ್ನು ಬಿಟ್ಟು ಹೋಗಲಿಲ್ಲ. ಗುರುವಾರ ಸಂಜೆ ಓಣಿಯಲ್ಲಿ ನಡೆದರೆ ಒಂದಲ್ಲ ಒಂದು ಮನೆಯಿಂದ ತಾಳದ ಸದ್ದು, ಅದರ ಹಿಂದೆ ಹಾರ್ಮೋನಿಯಂ ಕೇಳಿಯೇ ಕೇಳುತ್ತದೆ.

ಹಳೆಯ ಪೆಟ್ಟಿಗೆ ಕೈಕೊಟ್ಟಾಗ ಎಲ್ಲ ಮಂಡಳಿಗಳಲ್ಲೂ ಏಳುವ ಪ್ರಶ್ನೆ ಒಂದೇ: ಸಾದಾ ಪೆಟ್ಟಿಗೆ ಸಾಕೇ, ಇನ್ನಷ್ಟು ಚಂದಾ ಎತ್ತಿ, ಶ್ರುತಿ ಬದಲಿಸಬಲ್ಲ ಸ್ಕೇಲ್ ಚೇಂಜರ್ ತರಬೇಕೇ? ಸ್ಕೇಲ್ ಚೇಂಜರ್ ಬೆಲೆ ಅದೇ ದರ್ಜೆಯ ಸಾದಾ ಪೆಟ್ಟಿಗೆಗಿಂತ ಬಹಳ ಹೆಚ್ಚು. ಅದು ಹತ್ತಾರು ಮನೆಗಳಿಂದ ಕೂಡಿಸಿದ ಹಣ. ಹಾಗಾಗಿ ತೀರ್ಮಾನವನ್ನು ಅಂಗಡಿಗೆ ಹೋಗಿ ಮಾಡುವುದಲ್ಲ, ಊರಲ್ಲೇ ಕೂತು ಮಾಡಿಕೊಂಡು ಹೋಗಬೇಕು.

ಇದನ್ನು ನಾವು ಕಲಿತದ್ದು ಕಷ್ಟಪಟ್ಟು. ಕೆಲವು ವರ್ಷಗಳ ಹಿಂದೆ ನಮ್ಮ ಮಂಡಳಿ ದೂರದ ನಗರವೊಂದರ ಅಂಗಡಿಯಿಂದ ಸ್ಕೇಲ್ ಚೇಂಜರ್ ತಂದಿತ್ತು. ಮೊದಲ ಮಳೆಗಾಲದವರೆಗೆ ಏನೂ ತೊಂದರೆಯಿರಲಿಲ್ಲ. ಆರಾಧನೆಯ ಹಿಂದಿನ ರಾತ್ರಿ ಶ್ರುತಿ ಬದಲಿಸಲು ಹೋದಾಗ, ಬೆರಳಿಟ್ಟು ಒತ್ತುವ ಮನೆಗಳ ಸಾಲು ಎರಡು ಸ್ವರಗಳ ನಡುವೆ ಸಿಕ್ಕಿಕೊಂಡು ನಿಂತುಬಿಟ್ಟಿತು. ಒಂದು ಮನೆ ಒತ್ತಿದರೆ ಎರಡು ಸ್ವರ ಒಟ್ಟಿಗೆ ಕೂಗುತ್ತಿದ್ದವು. ಆ ಹೊತ್ತಿನಲ್ಲಿ ಅದನ್ನು ಬಿಚ್ಚಿ ಸರಿಮಾಡುವವರು ಯಾರೂ ಸಿಗಲಿಲ್ಲ. ಕೊನೆಗೆ ಪಕ್ಕದ ಓಣಿಯಿಂದ ಹಳೆಯ, ಎರಡು ಸಾಲು ರೀಡಿನ ಸಾದಾ ಪೆಟ್ಟಿಗೆ ತಂದು ಮೂರು ದಿನ ಭಜನೆ ಸಾಗಿಸಿದೆವು. ಸ್ಕೇಲ್ ಚೇಂಜರ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ಅಗತ್ಯವನ್ನು ನಾವೇ ಕೇಳಿಕೊಳ್ಳದೆ ಕೊಂಡೆವು. ಕೇಳಿಕೊಳ್ಳಬೇಕಾದದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಹಂತ 1: ಪೆಟ್ಟಿಗೆಯೊಳಗೆ ಏನಿದೆ, ತಿಳಿಯಿರಿ

ಹಾರ್ಮೋನಿಯಂ ಯುರೋಪಿನಲ್ಲಿ ಹುಟ್ಟಿದ್ದು, ಅಲ್ಲಿ ಕಾಲಿನಿಂದ ತಿದಿ ಒತ್ತಿ ಕುರ್ಚಿಯ ಮೇಲೆ ಕೂತು ನುಡಿಸುವ ವಾದ್ಯ. ಅದನ್ನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ತಿದಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವಂತೆ 19ನೇ ಶತಮಾನದ ಉತ್ತರಾರ್ಧದಲ್ಲಿ ರೂಪಿಸಿದವರಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಪ್ರಮುಖರು. ಹಿತ್ತಾಳೆಯ ಚೌಕಟ್ಟಿಗೆ ಒಂದು ತುದಿಯಲ್ಲಿ ಮಾತ್ರ ಬಿಗಿದ ತೆಳು ಹಿತ್ತಾಳೆ ನಾಲಿಗೆಯೇ ರೀಡು. ಗಾಳಿ ಹಾಯ್ದಾಗ ಅದು ಕಂಪಿಸಿ ಸ್ವರ ಹೊರಡುತ್ತದೆ.

ಮೂರೂವರೆ ಸಪ್ತಕದ ಪೆಟ್ಟಿಗೆಗೆ 42 ಮನೆ. ಮನೆಗೊಂದು ರೀಡಿದ್ದರೆ ಒಂದು ಸಾಲು. ಎರಡು ಸಾಲಾದರೆ 84 ರೀಡು, ಮೂರಾದರೆ 126. ಸಾಲುಗಳಿಗೆ ವಾದಕರು ಖರ್ಜ, ನರ, ಮಾದಿ ಎನ್ನುತ್ತಾರೆ: ಖರ್ಜ ತಗ್ಗಿನದು, ನರ ನಡುವಿನದು, ಮಾದಿ ಎತ್ತರದ್ದು. ಎರಡು ಸಾಲಿನ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಖರ್ಜ ಮತ್ತು ನರ ಇರುತ್ತವೆ.

ಸಾದಾ ಪೆಟ್ಟಿಗೆಯಲ್ಲಿ ಮನೆಗಳು ಇದ್ದಲ್ಲೇ ಇರುತ್ತವೆ. ಸ್ಕೇಲ್ ಚೇಂಜರಿನಲ್ಲಿ ಮನೆಗಳ ಸಾಲನ್ನೇ ಎಡಕ್ಕೋ ಬಲಕ್ಕೋ ಸರಿಸಬಹುದು. ಬೆರಳು ಬಿಳಿ ಒಂದರಲ್ಲೇ (ಸಪ್ತಕದ ಮೊದಲ ಬಿಳಿ ಮನೆಯಲ್ಲೇ) ಇರುತ್ತದೆ, ಸ್ವರ ಕರಿ ಒಂದರದೋ ಬಿಳಿ ಎರಡರದೋ ಬರುತ್ತದೆ. ಇದಕ್ಕಾಗಿ ಹೆಚ್ಚುವರಿ ರೀಡು, ಜಾರುವ ಚೌಕಟ್ಟು, ಸ್ಪ್ರಿಂಗು ಬೇಕು. ಅದರಿಂದಲೇ ಬೆಲೆ ಮತ್ತು ತೂಕ ಎರಡೂ ಏರುತ್ತವೆ. ನುಡಿಸುವ ಒಂದು ಮನೆಯ ಜೊತೆಗೆ ಮೇಲಿನ ಅಥವಾ ಕೆಳಗಿನ ಸಪ್ತಕದ ಅದೇ ಸ್ವರವನ್ನೂ ಒತ್ತಿಸುವ ಕಪ್ಲರ್ ಎರಡು ಬಗೆಯಲ್ಲೂ ಸಿಗುತ್ತದೆ.

ಹಂತ 2: ಹಾಡುವವರ ಶ್ರುತಿ ಬರೆದಿಟ್ಟುಕೊಳ್ಳಿ

ಕೊಳ್ಳುವ ಮುನ್ನ ಎರಡು ಗುರುವಾರ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಯಾರು ಯಾವ ಶ್ರುತಿಯಲ್ಲಿ ಆರಾಮವಾಗಿ ಹಾಡುತ್ತಾರೆ ಎಂದು ಬರೆಯಿರಿ. ಸಾಮಾನ್ಯವಾಗಿ ಗಂಡು ದನಿ ಬಿಳಿ ಒಂದರಿಂದ ಕರಿ ಎರಡರ ಆಸುಪಾಸಿನಲ್ಲಿ, ಹೆಣ್ಣು ದನಿ ಕರಿ ನಾಲ್ಕು, ಕರಿ ಐದರ ಕಡೆ ಇರುತ್ತದೆ. ಆ ಪಟ್ಟಿಯಲ್ಲಿ ಎರಡು ಮೂರು ಶ್ರುತಿ ಮಾತ್ರ ಇದ್ದರೆ ಸಾದಾ ಪೆಟ್ಟಿಗೆ ಸಾಕು. ಆರೇಳು ಶ್ರುತಿ ಇದ್ದು, ಒಂದೇ ಕಾರ್ಯಕ್ರಮದಲ್ಲಿ ಹಾಡಿನಿಂದ ಹಾಡಿಗೆ ಬದಲಾಗುತ್ತಿದ್ದರೆ ಸ್ಕೇಲ್ ಚೇಂಜರಿನ ಮಾತಿಗೆ ಅರ್ಥವಿದೆ.

ಹಂತ 3: ನುಡಿಸುವವರ ಬೆರಳು ನೋಡಿ

ನಮ್ಮ ಬಹಳಷ್ಟು ವಾದಕರು ಬಿಳಿ ಒಂದರಲ್ಲಿ ಕಲಿತು ಅಲ್ಲೇ ನಿಂತವರು. ಷಡ್ಜ ಕರಿ ಮನೆಗೆ ಹೋದೊಡನೆ ಬೆರಳು ತಡವರಿಸುತ್ತದೆ. ಈ ಕೊರತೆಗೆ ಸ್ಕೇಲ್ ಚೇಂಜರ್ ಒಂದು ಪರಿಹಾರ, ಅಭ್ಯಾಸ ಇನ್ನೊಂದು. ದಿನಕ್ಕೆ ಅರ್ಧ ಗಂಟೆಯಂತೆ ಸರಳೆ, ಜಂಟಿವರಸೆಗಳನ್ನು ಕರಿ ಒಂದರಲ್ಲಿ, ಬಳಿಕ ಕರಿ ನಾಲ್ಕು, ಕರಿ ಐದರಲ್ಲಿ ತಿರುಗಿಸಿದರೆ ಕೆಲವು ತಿಂಗಳಲ್ಲಿ ಬೆರಳು ಹಾದಿಗೆ ಬರುತ್ತದೆ. ಹದಿಹರೆಯದ ವಾದಕರಿದ್ದರೆ ದಯವಿಟ್ಟು ಈ ದಾರಿಯನ್ನೇ ಹಿಡಿಯಿರಿ. ಕಲಿತ ಕೈ ಯಾವ ಊರಿನ ಯಾವ ಪೆಟ್ಟಿಗೆಯ ಮೇಲೂ ನಡೆಯುತ್ತದೆ. ವಯಸ್ಸಾದ ವಾದಕರು ಒಬ್ಬರೇ ಮಂಡಳಿಯನ್ನು ನಡೆಸುತ್ತಿದ್ದರೆ ಮಾತ್ರ ಅವರ ಅನುಕೂಲಕ್ಕಾಗಿ ಸ್ಕೇಲ್ ಚೇಂಜರ್ ತರುವುದು ನ್ಯಾಯ.

ಹಂತ 4: ಪೆಟ್ಟಿಗೆ ಎಲ್ಲಿಗೆಲ್ಲ ಹೋಗಬೇಕು?

ಮನೆಯಲ್ಲೇ ಇರುವ ಪೆಟ್ಟಿಗೆ ಬೇರೆ, ಬಸ್ಸಿನಲ್ಲಿ ಓಡಾಡುವುದು ಬೇರೆ. ಆದೋನಿಯಿಂದ ಕೋಸಿಗಿ, ಹೊಳಗುಂದ, ಚಿಪ್ಪಗಿರಿ ಎಂದು ಆಟೋ, ಜೀಪು, ಟ್ರ್ಯಾಕ್ಟರ್ ಹತ್ತುವ ಪೆಟ್ಟಿಗೆಗೆ ಕುಲುಕಾಟವೇ ಮೊದಲ ಶತ್ರು. ಜಾರುವ ಭಾಗ ಹೆಚ್ಚಿದಷ್ಟೂ ಸಡಿಲವಾಗುವ ಭಾಗ ಹೆಚ್ಚು. ವರ್ಷಕ್ಕೆ ಹತ್ತು ಊರು ಸುತ್ತುವ ಮಂಡಳಿಗೆ ಎರಡು ಸಾಲಿನ, ಗಟ್ಟಿ ಮೂಲೆಕಟ್ಟಿನ ಸಾದಾ ಪೆಟ್ಟಿಗೆಯೇ ಹೆಚ್ಚು ಬಾಳುತ್ತದೆ.

ನಮ್ಮ ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮರ ಒಣಗಿ ಕುಗ್ಗುತ್ತದೆ, ಸಂದಿಯಲ್ಲಿ ಗಾಳಿ ಸೋರುತ್ತದೆ. ಮಳೆಗಾಲದಲ್ಲಿ ಅದೇ ಮರ ಉಬ್ಬಿ ಮನೆಗಳು ಒಂದಕ್ಕೊಂದು ಉಜ್ಜುತ್ತವೆ. ಸರಿಯಾಗಿ ಒಣಗಿಸಿ ಮಾಗಿಸಿದ ಸಾಗುವಾನಿ ಈ ಏರಿಳಿತವನ್ನು ಚೆನ್ನಾಗಿ ತಾಳುತ್ತದೆ. ಮೇಲಿನ ಪಾಲಿಶ್ ನೋಡಿ ಮೋಸಹೋಗಬೇಡಿ, ಒಳಗಿನ ಹಲಗೆ ಯಾವ ಮರದ್ದೆಂದು ಕೇಳಿ.

ಹಂತ 5: ಹಣ ಎಲ್ಲಿ ಹಾಕಬೇಕು

ಒಂದೇ ಮೊತ್ತಕ್ಕೆ ಅಗ್ಗದ ಸ್ಕೇಲ್ ಚೇಂಜರೂ ಸಿಗಬಹುದು, ಉತ್ತಮ ದರ್ಜೆಯ ಸಾದಾ ಪೆಟ್ಟಿಗೆಯೂ ಸಿಗಬಹುದು. ಅಂಥಲ್ಲಿ ಎರಡನೆಯದನ್ನೇ ಆರಿಸಿ. ನನ್ನ ಲೆಕ್ಕದಲ್ಲಿ ಹಣ ಹೋಗಬೇಕಾದ ಕ್ರಮ ಹೀಗೆ:

1. ರೀಡಿನ ಗುಣ ಮತ್ತು ಶ್ರುತಿ ಕೂಡಿಸಿದ ಕೈ.
2. ಗಾಳಿ ಸೋರದ ತಿದಿ.
3. ಒಣಗಿದ ಒಳ್ಳೆಯ ಮರ.
4. ಎರಡನೆಯ ಸಾಲು ರೀಡು. ಬಯಲಲ್ಲಿ ಹಾಡುವವರಿಗೆ ಇದು ಬೇಕೇ ಬೇಕು.
5. ಆಮೇಲೆ ಕಪ್ಲರ್, ಮೂರನೆಯ ಸಾಲು, ಸ್ಕೇಲ್ ಚೇಂಜರ್.

ಕೆತ್ತನೆ, ಬಣ್ಣದ ಗಾಜು, ಹೊಳೆಯುವ ಹಿಡಿ ಎಲ್ಲಕ್ಕಿಂತ ಕೊನೆಗೆ.

ಹಂತ 6: ಅಂಗಡಿಯಲ್ಲಿ ಏಳು ಪರೀಕ್ಷೆ

ಹೋಗುವಾಗ ಒಬ್ಬ ವಾದಕರನ್ನು, ಒಬ್ಬ ಹಾಡುವವರನ್ನು ಕರೆದುಕೊಂಡೇ ಹೋಗಿ.

ಒಂದು, ತಿದಿ. ರೀಡಿಗೆ ಗಾಳಿ ಬಿಡುವ ಸ್ಟಾಪರುಗಳನ್ನೆಲ್ಲ ಮುಚ್ಚಿ ನಿಧಾನವಾಗಿ ನಾಲ್ಕೈದು ಸಲ ತಿದಿ ಹಾಕಿ. ಗಾಳಿ ತುಂಬಿದಂತೆ ಕೈಗೆ ಬಿಗಿ ಹತ್ತಬೇಕು, ಎಲ್ಲೂ ‘ಸುಸ್’ ಎನ್ನಬಾರದು. ಜೋರಾಗಿ ಮಾತ್ರ ಒತ್ತಬೇಡಿ.

ಎರಡು, ಉಸಿರು. ಒಂದು ಸ್ಟಾಪರ್ ತೆರೆದು, ತಿದಿ ತುಂಬಿ, ಕೈಬಿಟ್ಟು ಒಂದೇ ಮನೆ ಹಿಡಿಯಿರಿ. ಸ್ವರ ಎಷ್ಟು ಎಣಿಕೆ ನಿಲ್ಲುತ್ತದೆ ನೋಡಿ. ಇದನ್ನೇ ಎರಡು ಮೂರು ಪೆಟ್ಟಿಗೆಗಳ ಮೇಲೆ ಮಾಡಿ ಹೋಲಿಸಿ.

ಮೂರು, ಮೌನ. ಸ್ಟಾಪರುಗಳೆಲ್ಲ ತೆರೆದು, ಯಾವ ಮನೆಯನ್ನೂ ಒತ್ತದೆ ತಿದಿ ಹಾಕಿ. ಏನೂ ಕೇಳಬಾರದು. ಸಣ್ಣ ಸ್ವರ ಕೇಳಿದರೂ ಒಂದು ಮನೆಯ ಅಡಿಯ ತೊಗಲು ಸರಿಯಾಗಿ ಕೂತಿಲ್ಲ.

ನಾಲ್ಕು, ಶ್ರುತಿ. ಶ್ರುತಿಪೆಟ್ಟಿಗೆ ಅಥವಾ ಮೊಬೈಲಿನ ತಂಬೂರಿ ಹಚ್ಚಿ ಮೂರು ಸಪ್ತಕದ ಷಡ್ಜ, ಪಂಚಮ ಕೂಡಿಸಿ. ಟ್ಯೂನರ್ ಇದ್ದರೆ ನಡುವಿನ ಬಿಳಿ ಆರು ಸೆಕೆಂಡಿಗೆ 440 ಕಂಪನದ ಬಳಿ ಇರಬೇಕು. ಎರಡು ಸಪ್ತಕದ ಷಡ್ಜ ಒಟ್ಟಿಗೆ ಒತ್ತಿದಾಗ ದನಿ ಅಲೆಅಲೆಯಾಗಿ ನಡುಗಿದರೆ ರೀಡುಗಳು ಕೂಡಿಲ್ಲ ಎಂದೇ ಅರ್ಥ.

ಐದು, ಮೆಲುದನಿ. ತೀರ ಹಗುರಾಗಿ ಗಾಳಿ ಬಿಟ್ಟು ಖರ್ಜದ ಕಡೆಯ ಮನೆಗಳನ್ನು ಒಂದೊಂದಾಗಿ ಒತ್ತಿ. ಒಳ್ಳೆಯ ರೀಡು ಸಣ್ಣ ಗಾಳಿಗೂ ಥಟ್ಟನೆ ಎದ್ದು ನುಡಿಯುತ್ತದೆ, ಕಳಪೆ ರೀಡು ತಡಮಾಡುತ್ತದೆ.

ಆರು, ಜಾರು. ಸ್ಕೇಲ್ ಚೇಂಜರ್ ಆದರೆ ಪ್ರತಿಯೊಂದು ಸ್ಥಾನಕ್ಕೂ ಸರಿಸಿ, ಪ್ರತಿಯೊಂದರಲ್ಲೂ ಎಲ್ಲ ಮನೆ ಒತ್ತಿ. ಬೇಸರಪಡಬೇಡಿ, ನಾವು ಬಿಟ್ಟ ಪರೀಕ್ಷೆ ಇದೇ. ಒಂಬತ್ತು ಸ್ಥಾನದ್ದೋ ಹದಿಮೂರರದ್ದೋ ಕೇಳಿ, ನಿಮ್ಮ ಪಟ್ಟಿಯ ಶ್ರುತಿಗಳೆಲ್ಲ ಅದರೊಳಗೆ ಬರುತ್ತವೆಯೇ ನೋಡಿ.

ಏಳು, ದನಿ. ನಿಮ್ಮ ಮಂಡಳಿಯವರು ದಿನವೂ ಹಾಡುವ ಒಂದು ಪದವನ್ನು ಅಂಗಡಿಯಲ್ಲೇ ಹಾಡಿಸಿ. ಹಾರ್ಮೋನಿಯಂ ದನಿಯನ್ನು ಹೊತ್ತುಕೊಂಡು ಹೋಗಬೇಕು, ಅದರ ಮೇಲೆ ಕೂರಬಾರದು.

ಹಂತ 7: ರಿಪೇರಿಯ ಮಾತು ಮೊದಲೇ ಆಡಿ

ಆದೋನಿಯವರಿಗೆ ಬಳ್ಳಾರಿ, ರಾಯಚೂರು, ಕರ್ನೂಲು ಓಡಾಟದ ಊರುಗಳು. ಎಲ್ಲಿಂದ ತಂದರೂ ಮೂರು ಮಾತು ಕೇಳಿ: ಶ್ರುತಿ ಕೂಡಿಸುವವರು ಅಂಗಡಿಯಲ್ಲೇ ಇದ್ದಾರೆಯೇ? ಮೊದಲ ವರ್ಷ ಒಂದು ಸಲ ಶ್ರುತಿ ಸರಿಮಾಡಿ ಕೊಡುತ್ತೀರಾ? ಸ್ಕೇಲ್ ಚೇಂಜರಿನ ಬಿಡಿಭಾಗ ಸಿಗುತ್ತವೆಯೇ? ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಸಾದಾ ಪೆಟ್ಟಿಗೆಯನ್ನು ತಿಳಿದ ಬಡಗಿ ಒಬ್ಬರಾದರೂ ಬಿಚ್ಚಿ ಮುಚ್ಚಬಲ್ಲರು, ಸ್ಕೇಲ್ ಚೇಂಜರಿಗೆ ಅದನ್ನೇ ಕಲಿತವರು ಬೇಕು.

ತಂದ ಮೇಲೆ

ನಮ್ಮದು ಹತ್ತಿಯ ಊರು. ಜಿನ್ನಿಂಗ್ ಹಂಗಾಮಿನಲ್ಲಿ ಗಾಳಿಯಲ್ಲೇ ಎಳೆ ಹಾರಾಡುತ್ತದೆ. ಒಮ್ಮೆ ನಮ್ಮ ಪೆಟ್ಟಿಗೆಯ ಬಿಳಿ ಐದು ಇದ್ದಕ್ಕಿದ್ದಂತೆ ಮೂಕವಾಯಿತು. ರೀಡು ಒಡೆದಿದೆ ಎಂದೇ ಎಲ್ಲರೂ ಅಂದುಕೊಂಡೆವು. ಹಲಗೆ ಎತ್ತಿ ಬೆಳಕು ಹಿಡಿದರೆ, ಹಿತ್ತಾಳೆ ನಾಲಿಗೆಗೂ ಚೌಕಟ್ಟಿಗೂ ನಡುವೆ ಅರ್ಧ ಇಂಚಿನ ಹತ್ತಿ ಎಳೆಯೊಂದು ಸಿಕ್ಕಿತ್ತು. ನಾಲಿಗೆಯ ಅಡಿಗೆ ತೆಳು ಕಾಗದದ ಚೂರು ತೂರಿಸಿ ಮೆಲ್ಲಗೆ ಎಳೆದಾಗ ಎಳೆ ಬಂತು, ಪಂಚಮವೂ ಬಂತು. ಸೂಜಿ, ಬ್ಲೇಡು ಹಾಕಿದ್ದರೆ ರೀಡು ಹೋಗುತ್ತಿತ್ತು. ನಾಲಿಗೆಯ ತುದಿ ಸ್ವಲ್ಪ ಸವೆದರೂ ಸ್ವರ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ.

ಹಾಗಾಗಿ ನುಡಿಸದಾಗ ದಪ್ಪ ಬಟ್ಟೆ ಹೊದಿಸಿಡಿ. ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ, ಬಾಯಿಂದ ಊದಬೇಡಿ, ಉಸಿರಿನ ತೇವ ಹಿತ್ತಾಳೆಗೆ ಆಗದು. ದೀಪ, ಧೂಪದ ಪಕ್ಕ, ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ತಿಂಗಳುಗಟ್ಟಲೆ ಮುಚ್ಚಿಡಲೂ ಬೇಡಿ, ವಾರಕ್ಕೊಮ್ಮೆಯಾದರೂ ಗಾಳಿ ಆಡಲಿ.

ಒಟ್ಟಿನಲ್ಲಿ

ಹೆಚ್ಚು ಓಡಾಡುವ, ಎರಡು ಮೂರು ಶ್ರುತಿಯಲ್ಲಿ ಹಾಡುವ, ಕಲಿಯುವ ಹುಡುಗರಿರುವ ಮಂಡಳಿಗೆ ಉತ್ತಮ ರೀಡಿನ ಎರಡು ಸಾಲಿನ ಸಾದಾ ಪೆಟ್ಟಿಗೆ. ಒಂದೇ ಜಾಗದಲ್ಲಿ ಕೂತು ಹಾಡುವ, ಹೊರಗಿನ ಗಾಯಕರನ್ನು ಆಗಾಗ ಕರೆಸುವ, ರಿಪೇರಿಗೆ ಜನ ಗೊತ್ತಿರುವ ಮಂಡಳಿಗೆ ಒಳ್ಳೆಯ ದರ್ಜೆಯ ಸ್ಕೇಲ್ ಚೇಂಜರ್. ಅಗ್ಗದ ಸ್ಕೇಲ್ ಚೇಂಜರ್ ಯಾರಿಗೂ ಬೇಡ.

ಹಾರ್ಮೋನಿಯಂನಲ್ಲಿ ಗಮಕ ಬರುವುದಿಲ್ಲ, ಸ್ವರಗಳು ಕಟ್ಟಿಹಾಕಿದಂತಿರುತ್ತವೆ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆ ಮೂರು ದಶಕಗಳಲ್ಲೂ ಭಜನೆಯ ಮನೆಗಳು ಅದನ್ನು ಬಿಡಲಿಲ್ಲ. ಹತ್ತು ಬಗೆಯ ದನಿಗಳನ್ನು ಒಂದು ಷಡ್ಜಕ್ಕೆ ತಂದು ಕೂರಿಸುವ ಕೆಲಸ ಅದಕ್ಕೆ ಬರುತ್ತದೆ. ನೀವು ಹಣ ಕೊಡುವುದು ಆ ಕೆಲಸಕ್ಕೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಹೊಸ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ. ತಂದ ದಿನ, ರೀಡಿನ ಸಾಲು, ಶ್ರುತಿ ಕೂಡಿಸಿದ ದಿನ, ಯಾರ ಪದಕ್ಕೆ ಯಾವ ಶ್ರುತಿ ಎಂದು ಬರೆಯಿರಿ. ಆರಾಧನೆಯ ರಾತ್ರಿ ನಿಮ್ಮ ವಾದಕರು ಊರಲ್ಲಿಲ್ಲದಿದ್ದರೂ ಆ ಚೀಟಿ ಓದಿ ಇನ್ನೊಬ್ಬರು ಪೆಟ್ಟಿಗೆಯ ಮುಂದೆ ಕೂರಬಹುದು, ಹಾಡು ನಿಲ್ಲುವುದಿಲ್ಲ.